ವಚನಗಳನ್ನರಸಿ ಊರೂರು ಅಲೆದ ಪಿತಾಮಹರು

ನಾಡಿನ ಜನರು ಒಬ್ಬ ಹಿರಿಯರನ್ನು ಪಿತಾಮಹ ಎಂದು ಕರೆಯಬೇಕಾದರೆ ಅದರ ಹಿಂದೆ ಗೌರವದಷ್ಟೇ ಮಮತೆಯೂ ಇರಬೇಕು. ವಿಜಯಪುರದ ಡಾ. ಫ.ಗು. ಹಳಕಟ್ಟಿಯವರಿಗೆ ವಚನ ಪಿತಾಮಹ ಎಂಬ ಹೆಸರು ಬಂದದ್ದು ಹಾಗೆ. ಇಂದು ನಾವು ಪ್ರಾರ್ಥನೆಯಲ್ಲಿ, ಅನುಭಾವ ಗೋಷ್ಠಿಯಲ್ಲಿ, ಮದುವೆಯ ಮಂಟಪದಲ್ಲಿ ಸಲೀಸಾಗಿ ಹೇಳುವ ವಚನಗಳಲ್ಲಿ ಬಹುಪಾಲು ನೂರು ವರ್ಷಗಳ ಹಿಂದೆ ಜನಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ಅವು ಭಕ್ತರ ಮನೆಗಳ ದೇವರ ಜಗಲಿಯ ಮೇಲೆ, ಮಠಗಳ ಕತ್ತಲೆಯ ಕೋಣೆಗಳಲ್ಲಿ ತಾಡೋಲೆಯ ಕಟ್ಟುಗಳಾಗಿ ಕುಳಿತಿದ್ದವು.

ಫಕೀರಪ್ಪನವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವಿಗೆ ಅಜ್ಜಿಯ ಮಡಿಲೇ ಆಸರೆಯಾಯಿತು. ಧಾರವಾಡದ ಶಾಲೆಯಿಂದ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಹೋಗಿ ಪದವಿ ಪಡೆದು, ಕಾನೂನು ಪರೀಕ್ಷೆಯನ್ನೂ ಮುಗಿಸಿ ಬಂದರು. ಸ್ವಲ್ಪ ಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಅನಂತರ ಆಗಿನ ವಿಜಾಪುರದಲ್ಲಿ ನೆಲೆ ನಿಂತರು. ವಕೀಲರಾಗಿ ಅವರು ಸಿರಿವಂತರಾಗಬಹುದಿತ್ತು. ಆ ಊರಿನ ಜನ ಅವರ ಮೇಲೆ ಇಟ್ಟಿದ್ದ ವಿಶ್ವಾಸ ಅಷ್ಟಿತ್ತು. ಬಿ.ಎಲ್.ಡಿ.ಇ. ಸಂಸ್ಥೆ, ಸಿದ್ಧೇಶ್ವರ ಬ್ಯಾಂಕು ಇವುಗಳ ಹುಟ್ಟಿನ ಹಿಂದೆಯೂ ಅವರ ದುಡಿಮೆಯಿದೆ. ಆದರೆ ಆ ಮಾತನ್ನು ವಿಸ್ತರಿಸದೆ ನಾವು ಅವರ ಸಂಚಾರದ ಕಡೆಗೆ ಬರೋಣ.

ವೃತ್ತಿಯ ಆರಂಭದ ದಿನಗಳಲ್ಲಿಯೇ ಅವರ ಕೈಗೆ ವಚನಗಳ ಹಸ್ತಪ್ರತಿಗಳು ಬಂದವು. ಓದಿದಷ್ಟೂ ಅವರಿಗೆ ಬೆರಗು, ಬೆರಗಿನ ಬೆನ್ನಿಗೇ ಆತಂಕ. ಓಲೆಗರಿಗಳನ್ನು ಗೆದ್ದಲು ತಿನ್ನುತ್ತಿತ್ತು, ತೇವಕ್ಕೆ ಅಂಚುಗಳು ಉದುರುತ್ತಿದ್ದವು. ಪೂಜೆಯಲ್ಲಿಟ್ಟ ಕಟ್ಟುಗಳಿಗೆ ವಿಭೂತಿ, ಕುಂಕುಮ, ಹೂವು ನಿತ್ಯವೂ ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ವಿರಳ. ಭಕ್ತಿಯಿಂದಲೇ ಕಾಪಾಡಿಕೊಂಡ ಓಲೆಗಳು ಯಾರೂ ಓದದೆ ಪುಡಿಯಾಗುವ ಕಾಲ ಬಂದಿತ್ತು. ಹಳಕಟ್ಟಿಯವರು ಹೊರಟು ನಿಂತರು. ನಡೆದು, ಚಕ್ಕಡಿಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಅಲೆದರು. ತಲೆಮಾರುಗಳಿಂದ ಪೂಜೆಗೊಂಡ ಕಟ್ಟನ್ನು ಅಪರಿಚಿತ ವಕೀಲರ ಕೈಗೆ ಕೊಡುವುದು ಯಾವ ಮನೆಯವರಿಗೂ ಸುಲಭವಲ್ಲ. ದೇವರನ್ನೇ ಮನೆಯಿಂದ ಹೊರಗೆ ಕಳಿಸಿದಂತೆ. ಆ ಅಳುಕನ್ನು ಅವರು ಬಲ್ಲವರಾಗಿದ್ದರು. ಕೊಟ್ಟವರಿಂದ ತಂದರು, ಕೊಡಲೊಲ್ಲದವರ ಮನೆಯಲ್ಲಿಯೇ ಕುಳಿತು ನಕಲು ಮಾಡಿಕೊಂಡರು.

ಓಲೆಯ ಬರಹವನ್ನು ಓದುವುದೇ ಒಂದು ತಪಸ್ಸು. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ಸವರಿದ ಮೇಲೆಯೇ ಅದು ಕಣ್ಣಿಗೆ ಕಾಣುವುದು. ಪದಗಳ ನಡುವೆ ಬಿಡುವಿಲ್ಲ, ಒಂದು ವಚನ ಮುಗಿದು ಇನ್ನೊಂದು ಮೊದಲಾಗುವುದು ತಿಳಿಯಬೇಕಾದರೆ ಅಂಕಿತವನ್ನು ಹುಡುಕಬೇಕು. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಗುಹೇಶ್ವರ ಎಂದು ಬಂದರೆ ಅಲ್ಲಮಪ್ರಭುಗಳದು. ಯಾರೂ ಕೇಳರಿಯದ ಅಂಕಿತ ಎದುರಾದಾಗ ಮರೆತುಹೋಗಿದ್ದ ಶರಣರೊಬ್ಬರು ಬೆಳಕಿಗೆ ಬಂದಂತೆ. ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ನಾಡಿಗೆ ಅವರ ಶ್ರಮದಿಂದ ಇನ್ನೂರಕ್ಕೂ ಹೆಚ್ಚು ಶರಣರು ಪರಿಚಿತರಾದರು. ಅವರಲ್ಲಿ ನೇಯುವವರು, ದೋಣಿ ನಡೆಸುವವರು, ಕಸ ಗುಡಿಸುವವರು, ಅಕ್ಕಿ ಆಯುವ ಹೆಣ್ಣುಮಕ್ಕಳು ಇದ್ದರು. ಈ ಒಂದು ಕಾರ್ಯಕ್ಕಾಗಿಯೇ ನಾವು ಅವರಿಗೆ ಋಣಿಗಳು ಎಂದರೆ ಅತಿಶಯೋಕ್ತಿಯಾಗದು.

ಸಂಗ್ರಹಿಸಿದ್ದನ್ನು ಅಚ್ಚು ಹಾಕಿಸುವುದು ಇನ್ನೂ ಕಷ್ಟವಾಯಿತು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. ಪರರ ಅಚ್ಚುಮನೆಯನ್ನು ನೆಚ್ಚಿದರೆ ಕೆಲಸ ಸಾಗದೆಂದು ಬಗೆದು ಅವರು ವಾಸದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಪತ್ನಿ ಭಾಗೀರಥಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬಾಡಿಗೆಯ ಮನೆಗೆ ಹೋದರು. ಈ ಸಂಗತಿಯನ್ನು ನಾವು ಉತ್ಸವದ ಭಾಷಣಗಳಲ್ಲಿ ತ್ಯಾಗವೆಂಬ ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ತಂದೆಯ ಅಲೆದಾಟ, ತಂದೆಯ ಸಾಲ, ವೇಳೆಗೆ ಬಾರದ ಹಣ ಇವೆಲ್ಲದರ ಭಾರ ಆ ಮನೆಯ ಒಲೆಯವರೆಗೂ ತಲುಪಿರಲೇಬೇಕು. ಭಾಗೀರಥಿಯವರ ಸಹನೆಯ ಕುರಿತು ಪ್ರತ್ಯೇಕ ಗ್ರಂಥವೇ ಬರಬೇಕಿತ್ತೆಂದು ನಮಗೆ ಅನಿಸುತ್ತದೆ.

1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಲೇಖಕರು, ಸಂಪಾದಕರು, ಕರಡು ತಿದ್ದುವವರು ಎಲ್ಲವೂ ಬಹುಮಟ್ಟಿಗೆ ಅವರೇ. ಚಂದಾ ಹಣ ಬಾರದಿದ್ದರೂ 'ಶಿವಾನುಭವ'ವನ್ನು ಮೂರು ದಶಕಗಳಿಗೂ ಮಿಗಿಲಾಗಿ ನಡೆಸಿದರು. ವಚನಗಳ ಜೊತೆಗೆ ಹರಿಹರನ ರಗಳೆಗಳು, ಶಿವಶರಣರ ಚರಿತ್ರೆಗಳು ಅವರ ಕೈಯಿಂದ ಹೊರಬಂದವು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಲಗುಮ್ಮಟವನ್ನು ನೋಡುವ ಮೊದಲೇ ಹಳಕಟ್ಟಿಯವರನ್ನು ಕಾಣಬಯಸಿ, ಅವರನ್ನು ವಚನಗುಮ್ಮಟವೆಂದು ಕರೆದರೆಂಬುದು ಇಂದಿಗೂ ಆ ಊರಿನ ಹಿರಿಯರು ಹೆಮ್ಮೆಯಿಂದ ಹೇಳುವ ಕಥೆ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಆಗಲೂ ಅವರ ಉಡುಪು ಹಳೆಯ ಕೋಟು, ತಲೆಗೆ ರುಮಾಲು. ಕಣ್ಣು ಮಂಜಾದ ಮೇಲೂ ಬರೆಹ ನಿಲ್ಲಲಿಲ್ಲ. 1964ರ ಜೂನ್ ತಿಂಗಳಿನಲ್ಲಿ, ಎಂಬತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಜುಲೈ 2ನ್ನು ರಾಜ್ಯ ಸರ್ಕಾರ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ. ಅವರು ಹುಡುಕಿ ತಂದ ಓಲೆಗಳಲ್ಲಿದ್ದ ವಚನಗಳನ್ನು ನಮ್ಮ ಮಕ್ಕಳು ಇಂದು ಶಾಲೆಯ ಪಠ್ಯದಲ್ಲಿ ಓದುತ್ತಿದ್ದಾರೆ.