ಫೋರ್ಟ್ ಸ್ಕ್ರಾಚ್ಲಿಯ ಹಿಂದಿನ ಮನುಷ್ಯ

ನ್ಯೂಕ್ಯಾಸಲ್‌ಗೆ ಹೋದಾಗ ಕಡಲಂಚಿನ ಗುಡ್ಡದ ಮೇಲಿರುವ ಫೋರ್ಟ್ ಸ್ಕ್ರಾಚ್ಲಿಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಆ ಹೆಸರು ಯಾರದು?

ಪೀಟರ್ ಹೆನ್ರಿ ಸ್ಕ್ರಾಚ್ಲಿ 1835ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ಇಂಗ್ಲೆಂಡಿನ ವುಲಿಚ್ ಸೈನಿಕ ಅಕಾಡೆಮಿಯಲ್ಲಿ ಓದಿ, 1854ರಲ್ಲಿ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ಸೇರಿದರು. ಕ್ರಿಮಿಯಾದಲ್ಲಿ ರಷ್ಯನ್ನರ ವಿರುದ್ಧದ ಯುದ್ಧಕ್ಕೆ ಹೋದರು. ಆಮೇಲೆ ಭಾರತಕ್ಕೂ ಬಂದರು. ನಾವು ಸ್ವಾತಂತ್ರ್ಯ ಸಂಗ್ರಾಮ ಎಂದು ಓದುವ 1857ರ ಹೋರಾಟದಲ್ಲಿ ಅವರು ಎದುರು ಪಾಳೆಯದಲ್ಲಿದ್ದರು.

1860ರಲ್ಲಿ ಅವರನ್ನು ಮೆಲ್ಬರ್ನ್‌ಗೆ ಕಳಿಸಲಾಯಿತು. ಚಿನ್ನ ಸಿಕ್ಕಿ ವಿಕ್ಟೋರಿಯಾ ಶ್ರೀಮಂತವಾಗಿತ್ತು; ಜೊತೆಗೆ ಶತ್ರುವಿನ ಹಡಗು ಬಂದೀತೆಂಬ ದಿಗಿಲೂ ಹುಟ್ಟಿತ್ತು. ಆದರೆ ಕೋಟೆ ಕಟ್ಟಲು ಹಣ ಮಂಜೂರಾಗಲಿಲ್ಲ. 1863ರಲ್ಲಿ ಅವರು ಇಂಗ್ಲೆಂಡಿಗೆ ಹಿಂದಿರುಗಿದರು.

1870ರಲ್ಲಿ ಬ್ರಿಟಿಷ್ ಪಡೆಗಳು ಆಸ್ಟ್ರೇಲಿಯಾ ಬಿಟ್ಟು ಹೋದವು. 1877ರಲ್ಲಿ ರಷ್ಯಾ ಮತ್ತು ಟರ್ಕಿ ನಡುವೆ ಯುದ್ಧ ಶುರುವಾದಾಗ ಇಲ್ಲಿನವರ ಭಯ ಹೆಚ್ಚಿತು. ಅದೇ ವರ್ಷ ವಿಲಿಯಂ ಜರ್ವಾಯ್ಸ್ ಅವರ ಜೊತೆ ಸ್ಕ್ರಾಚ್ಲಿ ಮತ್ತೆ ಬಂದು, ಒಂದೊಂದೇ ವಸಾಹತಿನ ಬಂದರುಗಳನ್ನು ಪರೀಕ್ಷಿಸಿದರು. ದೊಡ್ಡ ಸೈನ್ಯ ಇಷ್ಟು ದೂರ ಬರಲಾರದು. ಬಂದರೆ ಕೆಲವೇ ಯುದ್ಧನೌಕೆಗಳು ಬಂದು, ಊರನ್ನು ಬೆದರಿಸಿ ಚಿನ್ನ, ಕಲ್ಲಿದ್ದಲು ದೋಚಬಹುದು ಎಂಬುದು ಅವರ ಲೆಕ್ಕ. ಹಾಗಾಗಿ ಬಂದರಿನ ಬಾಯಲ್ಲಿ ಫಿರಂಗಿ ಇದ್ದರೆ ಸಾಕು. ಅಡಿಲೇಡ್‌ನ ಗ್ಲಾನ್‌ವಿಲ್, ಬ್ರಿಸ್ಬೇನ್‌ನ ಲಿಟ್ಟನ್, ಸಿಡ್ನಿಯ ಬೇರ್ ಐಲ್ಯಾಂಡ್, ಕಲ್ಲಿದ್ದಲ ಬಂದರು ನ್ಯೂಕ್ಯಾಸಲ್, ಎಲ್ಲ ಕಡೆ ಕೋಟೆಗಳು ಎದ್ದವು. ಎಲ್ಲವೂ ಗಟ್ಟಿಯಾಗಿರಲಿಲ್ಲ. ಬೇರ್ ಐಲ್ಯಾಂಡ್‌ನ ಕಾಂಕ್ರೀಟ್ ಕಳಪೆಯಾಗಿ, 1890ರಲ್ಲಿ ವಿಚಾರಣೆಯೇ ನಡೆಯಿತು.

ಅದನ್ನು ನೋಡಲು ಸ್ಕ್ರಾಚ್ಲಿ ಇರಲಿಲ್ಲ. ಜರ್ಮನಿ ನ್ಯೂಗಿನಿಯನ್ನು ಹಿಡಿದುಕೊಂಡೀತೆಂಬ ಅಂಜಿಕೆಯಿಂದ ಬ್ರಿಟನ್ 1884ರಲ್ಲಿ ಅದರ ಆಗ್ನೇಯ ಭಾಗವನ್ನು ತನ್ನ ರಕ್ಷಣೆಗೆ ತೆಗೆದುಕೊಂಡು, ಅವರನ್ನು ವಿಶೇಷ ಕಮಿಷನರ್ ಆಗಿ ನೇಮಿಸಿತು. ಕಡಲಿನಿಂದ ಬರುವವರನ್ನು ತಡೆಯಲು ದುಡಿದವರು ಈಗ ತಾವೇ ಹಡಗೇರಿ ಬೇರೆಯವರ ತೀರಕ್ಕೆ ಹೋದರು. ಅಲ್ಲಿ ಮಲೇರಿಯಾ ತಗುಲಿತು. 1885ರ ಡಿಸೆಂಬರ್ 2ರಂದು, 50ನೇ ವಯಸ್ಸಿನಲ್ಲಿ, ಹಡಗಿನಲ್ಲೇ ತೀರಿಕೊಂಡರು.

ರಷ್ಯನ್ನರು ಬರಲೇ ಇಲ್ಲ. ಆದರೆ 1942ರ ಜೂನ್ 8ರ ನಸುಕಿನಲ್ಲಿ ಜಪಾನಿನ ಜಲಾಂತರ್ಗಾಮಿಯೊಂದು ನ್ಯೂಕ್ಯಾಸಲ್ ಮೇಲೆ ಗುಂಡಿನ ಮಳೆಗರೆದಾಗ, ಅವರ ಹೆಸರಿನ ಕೋಟೆಯಿಂದ ನಾಲ್ಕು ಗುಂಡುಗಳು ಉತ್ತರವಾಗಿ ಹಾರಿದವು. ಫಿರಂಗಿಗಳು ಅವರ ಕಾಲದವಲ್ಲ; ಜಾಗ ಮಾತ್ರ ಅದೇ.

ಮಕ್ಕಳೇ, ಮುಂದಿನ ಸಲ ಆ ಗುಡ್ಡ ಹತ್ತಿದಾಗ ಇಬ್ಬರನ್ನು ನೆನೆಯಿರಿ. ಫಲ ಕಾಣದೆ ದುಡಿದು ಹೋದ ಈ ಎಂಜಿನಿಯರ್ ಒಬ್ಬರು. ಇನ್ನೊಬ್ಬರು ಆ ನೆಲದ ಮೂಲನಿವಾಸಿಗಳಾದ ಅವಬಕಲ್ ಜನ. ಕಡಲಿನಿಂದ ಬಂದವರು ನೆಲ ಕಿತ್ತುಕೊಳ್ಳುತ್ತಾರೆಂಬ ಭಯ ಅವರ ಪಾಲಿಗೆ ಆಗಲೇ ನಿಜವಾಗಿತ್ತು. ಅವರಿಗಾಗಿ ಯಾರೂ ಕೋಟೆ ಕಟ್ಟಲಿಲ್ಲ.