ಕತ್ತಿ ಕೆಳಗಿಟ್ಟ ಮೇಲಿನ ಕನಕ

ಕನಕದಾಸರ ಪಾಠವನ್ನು ನಾವು ಸಾಮಾನ್ಯವಾಗಿ ಉಡುಪಿಯಿಂದ ಶುರು ಮಾಡುತ್ತೇವೆ. ಕಿಂಡಿಯ ಕಥೆ, ಬಾಳೆಹಣ್ಣಿನ ಕಥೆ, ಅಲ್ಲಿಗೆ ತಾಸು ಮುಗಿಯುತ್ತದೆ. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮಗೆ ಇದು ದೂರದ ಆರಂಭ ಎಂದು ನನ್ನ ಅನಿಸಿಕೆ. ಕನಕರು ಇಲ್ಲಿಯವರೇ. ಹುಟ್ಟೂರು ಬಾಡ, ಶಿಗ್ಗಾಂವಿ ತಾಲ್ಲೂಕು. ಅದೇ ತಾಲ್ಲೂಕಿನ ಬಂಕಾಪುರ ಅಂದು ವಿಜಯನಗರದ ಆಡಳಿತ ಕೇಂದ್ರ.

ನಾನು ವಿಜ್ಞಾನದ ವಿದ್ಯಾರ್ಥಿ. ಎಂಟನೇ ತರಗತಿಗೆ ಕನಕರ ಜೀವನ ಹೇಳುವ ಸರದಿ ಬಂದಾಗ ಕಥೆಗಿಂತ ಮೊದಲು ಕರಿಹಲಗೆಯ ಮೇಲೆ ಒಂದು ಕಾಲರೇಖೆ ಎಳೆದೆ. ಪರಂಪರೆಯ ಪ್ರಕಾರ ಅವರ ಜನನ 1509ರ ಸುಮಾರಿಗೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509ರಲ್ಲೇ. ರಾಯ ತೀರಿಕೊಂಡದ್ದು 1529. ಗುರು ವ್ಯಾಸರಾಯರು ತೀರಿಕೊಂಡದ್ದು 1539. ವಿಜಯನಗರ ಬಿದ್ದದ್ದು 1565. ಕನಕರು ಹತ್ತಿರ ಹತ್ತಿರ ನೂರು ವರ್ಷ ಬಾಳಿದರೆಂಬ ಮಾತನ್ನು ಒಪ್ಪಿದರೆ, ರಾಜ್ಯ ಮುರಿದ ಮೇಲೂ ಅವರ ಮುಂದೆ ಸುಮಾರು ನಲವತ್ತು ವರ್ಷ ಉಳಿದಿತ್ತು. ತಾವು ಯಾರಿಗಾಗಿ ಕತ್ತಿ ಹಿಡಿದಿದ್ದರೋ ಆ ರಾಜ್ಯ ಮುರಿದದ್ದನ್ನು ಕಂಡೂ ಬದುಕಿದ ಮನುಷ್ಯ.

ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಕುರುಬರ ಮನೆತನ. ಮಗನಿಗೆ ಇಟ್ಟ ಹೆಸರು ತಿಮ್ಮಪ್ಪ. ತಂದೆ ದಂಡನಾಯಕರಾಗಿದ್ದರು, ಮಗನೂ ಆ ಸ್ಥಾನಕ್ಕೆ ಬಂದ. ನೆಲ ಅಗೆಯುವಾಗ ಹೊನ್ನು ಸಿಕ್ಕಿತು, ಅದನ್ನು ತನಗಿಟ್ಟುಕೊಳ್ಳದೆ ಹಂಚಿದ್ದರಿಂದ ತಿಮ್ಮಪ್ಪ ಕನಕನಾದ ಎಂದು ನಮ್ಮ ಭಾಗದ ಜನ ಹೇಳುತ್ತಾರೆ. ಹೆಂಡತಿ, ಮಗು ಬೇಗ ತೀರಿಹೋದರೆಂದೂ, ಒಂದು ಯುದ್ಧದಲ್ಲಿ ಮೈತುಂಬ ಗಾಯಗೊಂಡು ಬಿದ್ದವರು ಬದುಕಿ ಎದ್ದು ಕತ್ತಿ ಬಿಟ್ಟರೆಂದೂ ಹೇಳುತ್ತಾರೆ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ನಿಲ್ಲಿಸಿದರು. ಆ ಹೆಸರೇ ಅವರ ಹಾಡುಗಳ ಅಂಕಿತವಾಯಿತು.

ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. ನೌಕರಿ ಬಿಟ್ಟ ಮೇಲೆ ಹೊಟ್ಟೆಗೆ ಏನು ಮಾಡಿದರು ಎಂದು ಕೇಳಿದ. ತರಗತಿ ನಕ್ಕಿತು, ನಾನು ನಗಲಿಲ್ಲ. ನಮ್ಮ ಊರುಗಳಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು ಕಿರಾಣಿ ಅಂಗಡಿ ಇಡುತ್ತಾರೆ, ಹಿಟ್ಟಿನ ಗಿರಣಿ ಹಾಕುತ್ತಾರೆ. ಅವನು ಕಂಡದ್ದು ಅದು. ಕನಕರು ಅಂಗಡಿ ಇಡಲಿಲ್ಲ. ಅವರ ಓರಗೆಯ ಪುರಂದರದಾಸರು ಚಿನಿವಾರ ವ್ಯಾಪಾರ ಬಿಟ್ಟು ಬಂದವರು, ಇವರು ದಂಡು ಬಿಟ್ಟು ಬಂದವರು. ಇಬ್ಬರೂ ವ್ಯಾಸರಾಯರ ಶಿಷ್ಯರು. ಮನೆ ಮನೆಗೆ ಹಾಡುತ್ತ ಹೋಗಿ, ಜನ ಹಾಕಿದ ಕಾಳಿನಲ್ಲಿ ದಿನ ಕಳೆಯುವುದು ದಾಸರ ರೀತಿ. ನಿನ್ನೆ ಆಜ್ಞೆ ಕೊಟ್ಟವನು ಇಂದು ಹೊಸ್ತಿಲಲ್ಲಿ ನಿಂತು ಕಾಯಬೇಕು. ವ್ಯಾಸರಾಯರ ಬಳಿಯೂ ಜಾತಿಯ ಕಾರಣಕ್ಕೆ ಉಳಿದ ಶಿಷ್ಯರ ಅಸಹನೆ ಇತ್ತು ಎಂಬುದನ್ನು ಬಾಳೆಹಣ್ಣಿನ ಕಥೆಯೇ ಹೇಳುತ್ತದೆ. ನಾವು ಆ ಕಥೆಯಲ್ಲಿ ಜಾಣತನ ತೋರಿಸಿ ಅವಮಾನವನ್ನು ಬಿಟ್ಟುಬಿಡುತ್ತೇವೆ.

ಹಳೆಯ ಬದುಕು ಬರಹದಲ್ಲಿ ಉಳಿಯಿತು. ಮೋಹನತರಂಗಿಣಿಯ ದ್ವಾರಕೆ ವಿಜಯನಗರವೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಪೇಟೆಯ ಸಾಲು, ವ್ಯಾಪಾರಿಗಳ ಗದ್ದಲ ಎಲ್ಲ ಕಣ್ಣಾರೆ ಕಂಡವನ ಬರವಣಿಗೆ. ನಳಚರಿತ್ರೆಯ ನಳ ರಾಜ್ಯ ಕಳೆದುಕೊಂಡು ಹೆಂಡತಿ ಮಕ್ಕಳಿಂದ ಅಗಲುತ್ತಾನೆ, ಕೊನೆಗೆ ಎಲ್ಲವನ್ನೂ ಮರಳಿ ಪಡೆಯುತ್ತಾನೆ. ತನಗೆ ಮರಳಿ ಸಿಗದಿದ್ದುದನ್ನು ನಳನಿಗೆ ಕೊಟ್ಟರೇನೋ ಎಂದು ನನಗೆ ಅನಿಸುವುದುಂಟು. ಹರಿಭಕ್ತಿಸಾರವನ್ನು ಹಿಂದೆ ಹಳ್ಳಿಯ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ರಾಮಧಾನ್ಯಚರಿತೆ. ಭತ್ತಕ್ಕೂ ನರೆದಲಗಕ್ಕೂ, ಅಂದರೆ ರಾಗಿಗೂ, ಯಾರು ಹೆಚ್ಚು ಎಂಬ ಜಗಳ. ಭತ್ತ ಕುಲದ ಮಾತೆತ್ತಿ ರಾಗಿಯನ್ನು ಹಳಿಯುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ತೆಗೆದು ನೋಡಿದರೆ ಭತ್ತ ಕೆಟ್ಟಿದೆ, ರಾಗಿ ಗಟ್ಟಿಯಾಗಿದೆ. ವಿಜ್ಞಾನದ ಕಣ್ಣಿಗೆ ಇದು ಬರೀ ಕಲ್ಪನೆಯಲ್ಲ. ಚೆನ್ನಾಗಿ ಒಣಗಿದ ರಾಗಿಗೆ ಹುಳು ಬೀಳುವುದು ಕಡಿಮೆ, ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು. ದಂಡಿಗೆ ಧಾನ್ಯ ಕೂಡಿಡುವ ಕಷ್ಟ ಕಂಡವರಿಗೆ ಯಾವ ಕಾಳು ಬಾಳುತ್ತದೆ ಎಂಬುದು ತಿಳಿದೇ ಇರುತ್ತದೆ. ಹಾನಗಲ್ಲ ಕಡೆ ಭತ್ತ ಬೆಳೆಯುವ ಮನೆಯ ಮಕ್ಕಳು ರಾಮನ ತೀರ್ಪಿಗೆ ಸ್ವಲ್ಪ ಮುನಿಸಿಕೊಂಡರು. ನಂತರ ಅವರವರೇ ವಾದಕ್ಕಿಳಿದರು, ನಾನು ಸುಣ್ಣದ ಕಡ್ಡಿ ಕೆಳಗಿಟ್ಟು ಕೂತೆ.

ಬಾಡದಲ್ಲಿ ಈಗ ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರದ ಕೆಲಸದಿಂದ ಕೋಟೆ, ಅರಮನೆ ಹೊಸದಾಗಿ ಎದ್ದಿವೆ. ಶಾಲೆಯ ಪ್ರವಾಸ ಅಲ್ಲಿಗೆ ಹೋಗುತ್ತದೆ. ಮುಂದಿನ ಸಲ ಮಕ್ಕಳನ್ನು ಅದೇ ದಿನ ಕಾಗಿನೆಲೆಗೂ ಕರೆದೊಯ್ಯಬೇಕೆಂದು ಪಾಠಯೋಜನೆಯಲ್ಲಿ ಬರೆದಿದ್ದೇನೆ, ಮೊದಲು ಬಾಡ, ಆಮೇಲೆ ಕಾಗಿನೆಲೆ.