ಮಾಹ್ ಲಕಾ ಬಾಯಿ ಚಂದಾ: ಕಲಾವಿದೆಯ ದಾನ ಮತ್ತು ಅದರ ಫಲ

ಕಲಾಜೀವನದಿಂದ ಕೀರ್ತಿ ಸಂಪಾದಿಸಿದವರು ದಾನಧರ್ಮಗಳಲ್ಲಿ ತೊಡಗುವುದು ನಮ್ಮ ನಾಡಿಗೆ ಹೊಸದೇನಲ್ಲ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ಕಾಲದ ಮಹಾಕೂಟದ ಶಾಸನವು ಆ ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬ ಗಣಿಕೆ ಹಿರಣ್ಯಗರ್ಭ ದಾನ ಮಾಡಿದುದನ್ನೂ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಮಾಡಿಸಿ 800 ಮತ್ತರು ಭೂಮಿಯನ್ನು ಬಿಟ್ಟುದನ್ನೂ ದಾಖಲಿಸುತ್ತದೆ. ಶಾಸನಗಳನ್ನು ಓದುವ ನಾವು ಇಂತಹ ದಾನಗಳನ್ನು ಪಟ್ಟಿಮಾಡುತ್ತೇವೆ. ದಾನಿಯ ಕುಲ, ಬಿರುದು, ಕಾಲಗಳನ್ನು ನಿರ್ಣಯಿಸುತ್ತೇವೆ. ಆದರೆ ಆ ದಾನದಿಂದ ಯಾರ ಬದುಕು ಎಷ್ಟು ಬದಲಾಯಿತೆಂಬ ಪ್ರಶ್ನೆಯನ್ನು ಕೇಳುವುದು ವಿರಳ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹೈದರಾಬಾದಿನ ಪ್ರಸಿದ್ಧ ಗಾಯಕಿ, ನರ್ತಕಿ ಮತ್ತು ಕವಯಿತ್ರಿ ಮಾಹ್ ಲಕಾ ಬಾಯಿ ಚಂದಾಳ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ. ರಾಯಚೂರು, ಕಲಬುರಗಿ, ಬೀದರ ಪ್ರದೇಶಗಳನ್ನು ಒಳಗೊಂಡಿದ್ದ ನಿಜಾಮ ಸಂಸ್ಥಾನದ ಸಾಂಸ್ಕೃತಿಕ ಚರಿತ್ರೆಯಲ್ಲಿ ಆಕೆಗೆ ಮಹತ್ವದ ಸ್ಥಾನವಿದೆ. ಆದ್ದರಿಂದ ಕನ್ನಡ ಅಧ್ಯಯನದ ಆವರಣದಲ್ಲಿ ಆಕೆಯ ಪರಿಚಯ ಅಪ್ರಸ್ತುತವೆನಿಸಲಾರದು.

ಚಂದಾ ಹುಟ್ಟಿದ್ದು 1768ರಲ್ಲಿ, ಔರಂಗಾಬಾದಿನಲ್ಲಿ. ತಾಯಿ ರಾಜ್ ಕುಂವರ್ ನೃತ್ಯಗೀತಗಳನ್ನು ವೃತ್ತಿಯಾಗಿ ಉಳ್ಳವಳು. ತಂದೆ ಬಹಾದೂರ್ ಖಾನ್ ಮೊಗಲರ ಸೇವೆಯಲ್ಲಿದ್ದ ಸರದಾರ. ತಾಯಿಯ ಮನೆತನ ಹುಟ್ಟಿನಿಂದ ಈ ವೃತ್ತಿಗೆ ಸೇರಿದ್ದಲ್ಲ. ಆಕೆಯ ಚರಿತ್ರೆಯನ್ನು ಬರೆದವರು ತಿಳಿಸುವಂತೆ, ಗುಜರಾತಿನಲ್ಲಿ ನೆಲೆಸಿದ್ದ ಅಜ್ಜಿಯನ್ನು ಪತಿಯು ಮಕ್ಕಳೊಡನೆ ತೊರೆದು ಹೋದನು. ನೆಲೆ ತಪ್ಪಿದ ಆ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಕಡೆಗೆ ಹಾಡಿ ಕುಣಿದು ಬದುಕುವ ಜನರ ಆಶ್ರಯ ಪಡೆದಳು. ಹೆಣ್ಣುಮಕ್ಕಳು ಅಲ್ಲಿಯೇ ಕಲೆಯನ್ನು ಕಲಿತು, ಆಶ್ರಯದಾತರನ್ನು ಅರಸುತ್ತ ದಕ್ಷಿಣಕ್ಕೆ ಬಂದರು. ಅನಾಥ ಸ್ಥಿತಿಯು ಹೆಣ್ಣೊಬ್ಬಳನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದೆಂಬುದು ಚಂದಾಳಿಗೆ ತನ್ನ ಮನೆತನದ ನೆನಪಿನಿಂದಲೇ ತಿಳಿದಿತ್ತು. ಮುಂದೆ ಆಕೆ ಮಾಡಿದ ದಾನಗಳನ್ನು ವಿವೇಚಿಸುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಚಂದಾಳ ಬಂಧುವಾದ ಮಹತಾಬ್ ಕುಂವರ್ ಹೈದರಾಬಾದಿನ ದಿವಾನ ರುಕ್ನುದ್ದೌಲನ ಪ್ರೀತಿಗೆ ಪಾತ್ರಳಾಗಿದ್ದಳು. ಚಂದಾ ಈಕೆಯ ಮಡಿಲಲ್ಲಿ, ದಿವಾನರ ಮನೆಯ ವೈಭವದ ನಡುವೆ ಬೆಳೆದಳು. ಅಲ್ಲಿನ ಗ್ರಂಥಭಂಡಾರವೂ ವಿದ್ವಾಂಸರ ಸಹವಾಸವೂ ಆಕೆಗೆ ದೊರೆತವು. ತಾನಸೇನನ ಪರಂಪರೆಗೆ ಸೇರಿದ ಖುಷ್‌ಹಾಲ್ ಖಾನನಲ್ಲಿ ಸಂಗೀತಶಿಕ್ಷಣವಾಯಿತು. ಜೊತೆಗೆ ಕುದುರೆ ಸವಾರಿ, ಬಿಲ್ವಿದ್ಯೆ, ಈಟಿ ಎಸೆತಗಳಲ್ಲಿಯೂ ಆಕೆ ಪರಿಣತಿ ಪಡೆದಳು. ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನನ ಆಳ್ವಿಕೆಯಲ್ಲಿ (1762-1803) ಆಕೆಯ ಕೀರ್ತಿ ತುದಿಗೇರಿತು. ಪುರುಷವೇಷ ಧರಿಸಿ ಮೂರು ದಂಡಯಾತ್ರೆಗಳಲ್ಲಿ ನಿಜಾಮನನ್ನು ಆಕೆ ಹಿಂಬಾಲಿಸಿದಳೆಂದು ಚರಿತ್ರಕಾರರು ಹೇಳುತ್ತಾರೆ. ಚಂದ್ರನಂತಹ ಮುಖದವಳು ಎಂಬ ಅರ್ಥದ ಮಾಹ್ ಲಕಾ ಎಂಬ ಬಿರುದು ಆಸ್ಥಾನದಿಂದ ಬಂದಿತು. ಅದರೊಡನೆ ಉಮರಾವರ ಸಾಲಿನಲ್ಲಿ ಸ್ಥಾನ, ಜಹಗೀರುಗಳು, ಹೊರಗೆ ಹೊರಟಾಗ ಜೊತೆಗೆ ನಡೆಯಲು ಐನೂರು ಸೈನಿಕರು. ಹೈದರಗುಡ, ಚಂದಾನಗರ, ಅಡಿಕ್‌ಮೆಟ್ ಮೊದಲಾದ ಗ್ರಾಮಗಳು ಆಕೆಯ ಜಹಗೀರಿನಲ್ಲಿದ್ದವು. ರಾಜಕಾರ್ಯಗಳಲ್ಲಿಯೂ ಆಕೆಯ ಸಲಹೆಗೆ ಬೆಲೆಯಿತ್ತು. ಮೂರನೆಯ ಅಸಫ್ ಜಾ ಸಿಕಂದರ್ ಜಾನ ಕಾಲದಲ್ಲಿಯೂ ಈ ಗೌರವಕ್ಕೆ ಕುಂದು ಬರಲಿಲ್ಲ.

ಸಾಹಿತ್ಯ ಚರಿತ್ರೆಯಲ್ಲಿ ಮಾಹ್ ಲಕಾಳ ಹೆಸರು ನಿಂತಿರುವುದು ಆಕೆಯ ದಿವಾನಿನಿಂದ. 1798ರಲ್ಲಿ ಸಂಕಲಿತವಾದ ಈ ಕೃತಿಯಲ್ಲಿ ತಲಾ ಐದು ದ್ವಿಪದಿಗಳ 125 ಗಜಲುಗಳಿವೆ; ಪ್ರತಿ ಗಜಲಿನ ಕೊನೆಯಲ್ಲಿ ಹಜರತ್ ಅಲಿಯ ಸ್ಮರಣೆಯಿದೆ. 1799ರಲ್ಲಿ ಇದರ ಒಂದು ಹಸ್ತಪ್ರತಿಯನ್ನು ಆಕೆ ಜಾನ್ ಮಾಲ್ಕಂ ಎಂಬ ಇಂಗ್ಲಿಷ್ ಅಧಿಕಾರಿಗೆ ಕಾಣಿಕೆಯಾಗಿ ಕೊಟ್ಟಳು. ಆ ಪ್ರತಿ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಉರ್ದುವಿನಲ್ಲಿ ದಿವಾನ್ ರಚಿಸಿದ ಮೊದಲ ಮಹಿಳೆ ಆಕೆಯೇ ಎಂಬ ಅಭಿಪ್ರಾಯ ಬಹುಕಾಲ ರೂಢಿಯಲ್ಲಿತ್ತು. ದಖ್ಖನಿನವಳೇ ಆದ ಲುತ್ಫುನ್ನಿಸಾ ಇಮ್ತಿಯಾಜಳ ದಿವಾನ್ ಇದಕ್ಕಿಂತ ತುಸು ಹಿಂದಿನದೆಂದು ಈಗ ವಿದ್ವಾಂಸರು ಗುರುತಿಸಿದ್ದಾರೆ. ಅಗ್ರಸ್ಥಾನದ ವಾದವೇನೇ ಇರಲಿ, ತನ್ನ ಕೃತಿಯನ್ನು ತಾನೇ ಕ್ರಮಗೊಳಿಸಿ, ಅದು ಉಳಿಯುವ ದಾರಿಯನ್ನು ತಾನೇ ಕಂಡುಕೊಂಡ ಎಚ್ಚರ ಗಮನಾರ್ಹವಾದುದು. ಅದೇ ಎಚ್ಚರದಿಂದ ಆಕೆ ದಖ್ಖನಿನ ಚರಿತ್ರೆಯೊಂದನ್ನು ಗುಲಾಂ ಹುಸೇನ್ ಜೌಹರನಿಂದ ಬರೆಯಿಸಿದಳು. ಸ್ವಂತ ಗ್ರಂಥಭಂಡಾರವನ್ನೂ ಕೂಡಿಹಾಕಿದಳು.

ಆಕೆಯ ದಾನಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಮೌಲಾ ಅಲಿ ಬೆಟ್ಟಕ್ಕೆ ಸಂಬಂಧಿಸಿದ್ದು. ನಗರದ ಈಶಾನ್ಯಕ್ಕಿರುವ ಈ ಬೆಟ್ಟ ಕುತುಬ್ ಶಾಹಿಗಳ ಕಾಲದಿಂದ ಹಜರತ್ ಅಲಿಯ ಹೆಸರಿನ ಪುಣ್ಯಕ್ಷೇತ್ರ. ರಜಬ್ ತಿಂಗಳಿನಲ್ಲಿ ನಡೆಯುವ ಉರುಸಿಗೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನ ಸೇರುತ್ತಿದ್ದರು. ಉರುಸಿನ ಕಾಲದಲ್ಲಿ ಮಾಹ್ ಲಕಾ ಧಾರಾಳವಾಗಿ ವೆಚ್ಚ ಮಾಡುತ್ತಿದ್ದಳು. ಬೆಟ್ಟದ ಬುಡದಲ್ಲಿ ಚಾರ್‌ಬಾಗ್ ಮಾದರಿಯ ತೋಟವನ್ನು ಮಾಡಿಸಿ, 1792ರಲ್ಲಿ ಅಲ್ಲಿ ತಾಯಿಯ ಸಮಾಧಿಯನ್ನು ಕಟ್ಟಿಸಿದಳು. ಎರಡನೆಯದು ಕವಿಗಳಿಗೆ, ವಿದ್ವಾಂಸರಿಗೆ, ಸಂಗೀತಗಾರರಿಗೆ ನೀಡಿದ ಪೋಷಣೆ ಮತ್ತು ಹೆಣ್ಣುಮಕ್ಕಳಿಗೆ ಕೊಡಿಸಿದ ಕಲಾಶಿಕ್ಷಣ. ಮೂರನೆಯದು ಆಕೆಯ ಅಂತಿಮ ಇಚ್ಛೆ. 1824ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಆಸ್ತಿಯನ್ನೂ ಚಿನ್ನ, ಬೆಳ್ಳಿ, ವಜ್ರಗಳನ್ನೂ ನೆಲೆಯಿಲ್ಲದ ಹೆಂಗಸರಿಗೆ ಸಲ್ಲಬೇಕೆಂದು ಆಕೆ ಬಿಟ್ಟುಹೋದಳೆಂಬ ಸಂಗತಿ ಆಕೆಯ ಚರಿತ್ರೆಯಲ್ಲೆಲ್ಲ ಕಾಣಿಸುತ್ತದೆ. ಮನೆಯಿಲ್ಲದೆ ಅಲೆದ ಅಜ್ಜಿಯ ಮೊಮ್ಮಗಳು ಮನೆಯಿಲ್ಲದ ಹೆಂಗಸರನ್ನು ನೆನೆದುದು ಆಕಸ್ಮಿಕವೆನ್ನುವಂತಿಲ್ಲ.

ಇಷ್ಟನ್ನು ಹೇಳಿ ಪ್ರಶಂಸೆಯಲ್ಲಿ ನಿಲ್ಲುವುದು ಸುಲಭ. ಆದರೆ ಎರಡು ಆಕ್ಷೇಪಗಳನ್ನು ಇಲ್ಲಿ ಎದುರಿಸಲೇಬೇಕು. ಮೊದಲನೆಯದು ದಾನದ ಮೂಲವನ್ನು ಕುರಿತದ್ದು. ಜಹಗೀರೆಂದರೆ ಹಳ್ಳಿಗಳ ಕಂದಾಯವನ್ನು ಅನುಭವಿಸುವ ಹಕ್ಕು. ರಾಗಿ, ಜೋಳ, ಬತ್ತ ಬೆಳೆದ ರೈತನ ಬೆವರು ಕಂದಾಯವಾಗಿ, ಕಂದಾಯ ಜಹಗೀರುದಾರಳ ಆದಾಯವಾಗಿ, ಆ ಆದಾಯದ ಒಂದು ಪಾಲು ದಾನವಾಗಿ ಹರಿಯುತ್ತಿತ್ತು. ಉರುಸಿನ ದಿನ ಕೈತುಂಬ ಪಡೆದ ಬಡವನೂ, ವರ್ಷವೆಲ್ಲ ಕಂದಾಯ ತೆತ್ತ ಬಡವನೂ ಒಂದೇ ವ್ಯವಸ್ಥೆಯ ಎರಡು ತುದಿಗಳಲ್ಲಿ ನಿಂತಿದ್ದರು. ಈ ವ್ಯವಸ್ಥೆಯನ್ನು ಬದಲಿಸಲು ಒಬ್ಬ ಕಲಾವಿದೆಯ ಔದಾರ್ಯ ಸಾಲದು. ಅದಕ್ಕೆ 1949ರ ಜಹಗೀರು ರದ್ದತಿಯೇ ಬೇಕಾಯಿತು. ಎರಡನೆಯ ಆಕ್ಷೇಪ ಉದ್ದೇಶವನ್ನು ಕುರಿತದ್ದು. ಆಸ್ಥಾನದ ಕೃಪೆಯಲ್ಲಿ ಬಾಳುವವಳಿಗೆ ದಾನವು ಪ್ರತಿಷ್ಠೆಯ ಸಾಧನವೂ ಹೌದು. ವೃತ್ತಿಯ ಕಾರಣದಿಂದ ಕುಲೀನರ ಸಮಾಜವು ಅನುಮಾನದಿಂದ ಕಾಣುತ್ತಿದ್ದ ಹೆಣ್ಣಿಗೆ ಪುಣ್ಯಕ್ಷೇತ್ರದ ಸೇವೆಯು ಗೌರವದ ಬಾಗಿಲನ್ನು ತೆರೆಯುತ್ತಿತ್ತು. ಈ ಎರಡು ಮಾತುಗಳಲ್ಲಿಯೂ ಸತ್ಯವಿದೆ. ಆದರೆ ಅದೇ ಜಹಗೀರಿನ ಆದಾಯವನ್ನು ಪಡೆದ ಎಷ್ಟೋ ಉಮರಾವರು ಅದನ್ನು ಹವೇಲಿಗಳಿಗೂ ವಿಲಾಸಕ್ಕೂ ಸುರಿದು ಮರೆಯಾದರೆಂಬುದೂ ಸತ್ಯವೇ. ದಾನಿಯ ಮನಸ್ಸನ್ನು ಅಳೆಯುವುದಕ್ಕಿಂತ ದಾನದ ಗತಿಯನ್ನು ನೋಡುವುದು ಹೆಚ್ಚು ಫಲಕಾರಿ.

ಆ ಗತಿ ಮೂರು ದಾನಗಳಲ್ಲಿಯೂ ಒಂದೇ ಬಗೆಯದಾಗಲಿಲ್ಲ. ಅನ್ನವಾಗಿ, ಹಣವಾಗಿ ಕೊಟ್ಟದ್ದು ಆ ದಿನದ ಹಸಿವನ್ನು ತಣಿಸಿ ಮುಗಿಯಿತು. ಅದನ್ನು ಅಲ್ಪವೆನ್ನಲಾಗದು, ಹಸಿದವನಿಗೆ ಆ ದಿನವೇ ದೊಡ್ಡದು. ಕಲ್ಲುಗಾರೆಯಲ್ಲಿ ಕಟ್ಟಿದ್ದು ಉಳಿಯಿತು. ಮಾಹ್ ಲಕಾಳೂ ತಾಯಿಯ ಪಕ್ಕದಲ್ಲಿ ಅದೇ ತೋಟದಲ್ಲಿ ಮಣ್ಣಾದಳು. ಆದರೆ ಆಕೆಯ ಹೃದಯಕ್ಕೆ ಅತ್ಯಂತ ಹತ್ತಿರವಾಗಿದ್ದಿರಬೇಕಾದ ಮೂರನೆಯ ದಾನ, ನೆಲೆಯಿಲ್ಲದ ಹೆಂಗಸರಿಗೆ ಬಿಟ್ಟ ಸಂಪತ್ತು, ಒಂದು ಸಂಸ್ಥೆಯಾಗಿ ಬೆಳೆಯಲಿಲ್ಲ. ಇದಕ್ಕೆ ಕಾರಣವನ್ನು ಆ ಕಾಲದ ಆಸ್ತಿಯ ಸ್ವರೂಪದಲ್ಲಿಯೇ ಹುಡುಕಬೇಕು. ಜಹಗೀರು ಮೂಲತಃ ಅರಸನ ಅನುಗ್ರಹ. ಪಡೆದವರ ಜೀವಿತದ ಅನಂತರ ಅದು ಸರಕಾರಕ್ಕೆ ಮರಳುವುದು ಸಾಮಾನ್ಯ ನಿಯಮ. ಒಡವೆವಸ್ತುಗಳು ಹಂಚಿಹೋಗುವಂತಹವು. ಅವುಗಳನ್ನು ನೋಡಿಕೊಳ್ಳುವ ಧರ್ಮದರ್ಶಿಗಳು, ಲೆಕ್ಕ ಕೇಳುವ ಅಧಿಕಾರ, ತಪ್ಪಿದರೆ ಪ್ರಶ್ನಿಸುವ ಹಕ್ಕು ಇವು ಕೂಡಿದಾಗ ಮಾತ್ರ ದಾನವು ದಾನಿಯ ಆಯುಸ್ಸನ್ನು ಮೀರುತ್ತದೆ. ನಮ್ಮ ಶಾಸನಗಳು ದತ್ತಿಯ ಎಲ್ಲೆಕಟ್ಟನ್ನೂ, ಅದನ್ನು ಪಾಲಿಸಬೇಕಾದ ಮಹಾಜನರನ್ನೂ, ಅಳುಪಿದವರಿಗೆ ಶಾಪವನ್ನೂ ಅಷ್ಟು ವಿವರವಾಗಿ ಬರೆದಿಡುವುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಆಕೆಯ ಭೂಮಿಗೆ ಒದಗಿದ ಗತಿ ಇನ್ನೊಂದು ಬಗೆಯದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಆರಂಭದಲ್ಲಿ ನಗರದ ಬಾಡಿಗೆ ಕಟ್ಟಡಗಳಲ್ಲಿ ನಡೆದು, ಅನಂತರ ಅಡಿಕ್‌ಮೆಟ್‌ನಲ್ಲಿ ತನ್ನ ಆವರಣವನ್ನು ಪಡೆಯಿತು; ಅದರ ಭವ್ಯವಾದ ಕಲಾ ಕಾಲೇಜು ಕಟ್ಟಡ 1939ರಲ್ಲಿ ಉದ್ಘಾಟನೆಗೊಂಡಿತು. ಈ ಭೂಮಿ ಹಿಂದೆ ಮಾಹ್ ಲಕಾಳ ಜಹಗೀರಾಗಿದ್ದುದೆಂದು ನಗರದ ಚರಿತ್ರಕಾರರು ಹೇಳುತ್ತಾರೆ. ಪಕ್ಕದಲ್ಲಿರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಆವರಣದಲ್ಲಿ ಆಕೆಯ ಹೆಸರಿನ ಹಳೆಯ ಬಾವಿಯೊಂದಿದೆ. ಕನ್ನಡ ಜಿಲ್ಲೆಗಳಿಂದ ಹೋದ ಹಲವು ತಲೆಮಾರಿನ ವಿದ್ಯಾರ್ಥಿಗಳು ಉಸ್ಮಾನಿಯಾದಲ್ಲಿ ಓದಿದ್ದಾರೆ. ಅಲ್ಲಿ ಕನ್ನಡದ ಪಾಠವೂ ನಡೆದಿದೆ. ಇದನ್ನು ಆಕೆಯ ದಾನವೆಂದು ಕರೆಯುವುದು ಸರಿಯಾಗದು. ಆಕೆ ವಿಶ್ವವಿದ್ಯಾಲಯವನ್ನು ಕಲ್ಪಿಸಿಕೊಂಡವಳಲ್ಲ. ಭೂಮಿಗೆ ಆ ಉಪಯೋಗವನ್ನು ಕೊಟ್ಟದ್ದು ಒಂದು ಶತಮಾನದ ಅನಂತರದ ಸರಕಾರ. ದಾನಿಯು ಬಯಸಿದ್ದು ಕೈಗೂಡದೆ, ಬಯಸದೆ ಇದ್ದದ್ದು ಕೈಗೂಡಿದ ಈ ವಿಪರ್ಯಾಸವು ವ್ಯಕ್ತಿಯ ಔದಾರ್ಯಕ್ಕೂ ಸಂಸ್ಥೆಯ ಬಲಕ್ಕೂ ಇರುವ ಅಂತರವನ್ನು ತೋರಿಸುತ್ತದೆ.

ಈ ಅಂತರವನ್ನು ದಾಟಿದ ಉದಾಹರಣೆ ನಮ್ಮಲ್ಲಿಯೇ ಇದೆ. ನಂಜನಗೂಡಿನ ಬಳಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಮಾಹ್ ಲಕಾಳಂತೆ ಗಣಿಕಾ ಪರಂಪರೆಯ ಗಾಯಕಿ, ವಿದ್ಯಾವತಿ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಸ್ಥಳಕ್ಕೆ ತಮ್ಮ ಒಡವೆ, ಗಳಿಕೆಗಳನ್ನು ಸುರಿದು 1920ರ ದಶಕದಲ್ಲಿ ಗುಡಿಯನ್ನು ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆ ಹಕ್ಕಿಗಾಗಿ ಹೋರಾಡಿ ಗೆದ್ದರು. ಅಷ್ಟಕ್ಕೆ ನಿಲ್ಲದೆ, ತಮ್ಮ ಆಸ್ತಿಯನ್ನು ಮರಣಶಾಸನದ ಮೂಲಕ ಆ ಸಮಾಧಿಯ ಸೇವೆಗೆ ಧರ್ಮದತ್ತಿಯಾಗಿ ಬಿಟ್ಟು, ಹೆಂಗಸರಿಗೂ ಅಲ್ಲಿ ಸಮಾನ ಅವಕಾಶವಿರಬೇಕೆಂಬ ನಿಬಂಧನೆಯನ್ನು ವಿಧಿಸಿದರು. ಅವರು 1952ರಲ್ಲಿ ತೀರಿಕೊಂಡ ಮೇಲೂ ಆ ಹಕ್ಕು ಉಳಿಯಿತು. ಇನ್ನೂ ಸಮೀಪದ ಕಾಲಕ್ಕೆ ಬಂದರೆ, ಡಾ. ರಾಜ್‌ಕುಮಾರ್ ಅವರ ಹೆಸರಿನ ನೇತ್ರಭಂಡಾರವು 1994ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆರಂಭವಾಯಿತು; 2006ರಲ್ಲಿ ಅವರ ಕಣ್ಣುಗಳೂ ದಾನವಾಗಿ ಸಂದವು. ಇಲ್ಲಿ ಕಲಾವಿದರು ಕೊಟ್ಟದ್ದು ಹಣವನ್ನಲ್ಲ, ಜನರು ತಮ್ಮಲ್ಲಿಟ್ಟಿದ್ದ ನಂಬಿಕೆಯನ್ನು. ಅದನ್ನು ಸ್ವೀಕರಿಸಿ ಕಾರ್ಯಗತಗೊಳಿಸಲು ವೈದ್ಯರೂ ವ್ಯವಸ್ಥೆಯೂ ಸಿದ್ಧವಾಗಿದ್ದುದರಿಂದ ಕೀರ್ತಿಯು ಅನ್ಯರ ಕಣ್ಣಿನ ಬೆಳಕಾಯಿತು.

ಮಾಹ್ ಲಕಾಳ ಸಮಾಧಿಯ ಆವರಣವು ಬಹುಕಾಲ ಕಸ ತುಂಬಿ, ಗೋಡೆಗಳು ಶಿಥಿಲವಾಗಿ ಬಿದ್ದಿತ್ತು. 2010-11ರಲ್ಲಿ ಅಮೆರಿಕದ ಸರಕಾರದ ಧನಸಹಾಯದಿಂದ, ಹೈದರಾಬಾದಿನ ದಖ್ಖನ್ ಅಧ್ಯಯನಾಸಕ್ತರ ಶ್ರಮದಿಂದ ಅದರ ಜೀರ್ಣೋದ್ಧಾರವಾಯಿತು. ಆಕೆಯ ಕಾವ್ಯವನ್ನು ಅಭ್ಯಸಿಸಿದ ಸ್ಕಾಟ್ ಕೂಗಲ್ ಎಂಬ ಅಮೆರಿಕದ ವಿದ್ವಾಂಸರ ಆಸಕ್ತಿ ಈ ಕಾರ್ಯಕ್ಕೆ ಪ್ರೇರಕವಾದುದು. ಇತರರ ಆಶ್ರಯಕ್ಕಾಗಿ ಸಂಪತ್ತನ್ನು ಬಿಟ್ಟುಹೋದವಳ ಗೋರಿಯೇ ಇತರರ ಆಶ್ರಯಕ್ಕಾಗಿ ಕಾಯಬೇಕಾಯಿತು.

ಕಲಾವಿದರ ದಾನದಿಂದ ನಿಜವಾದ ವ್ಯತ್ಯಾಸವಾಗುವುದೇ ಎಂಬ ಪ್ರಶ್ನೆಗೆ ಈ ಜೀವನವು ಕೊಡುವ ಉತ್ತರ ಹೌದು ಅಥವಾ ಅಲ್ಲ ಎಂಬ ಒಂದು ಮಾತಿನದಲ್ಲ. ಕೀರ್ತಿಯು ಸಂಪತ್ತನ್ನು ಕೂಡಿಸಬಲ್ಲದು, ಜನರ ಗಮನವನ್ನು ಸೆಳೆಯಬಲ್ಲದು. ಆದರೆ ಅದನ್ನು ನಾಳೆಗೂ ಉಳಿಸುವ ಕಟ್ಟುಪಾಡು ಕೀರ್ತಿಯಿಂದ ತಾನಾಗಿ ಹುಟ್ಟುವುದಿಲ್ಲ; ಅದನ್ನು ಬೇರೆಯಾಗಿಯೇ ಕಟ್ಟಬೇಕು. ತನ್ನ ಗಜಲುಗಳಿಗೆ ಮಾಹ್ ಲಕಾ ಅಂತಹ ಕಟ್ಟನ್ನು ಒದಗಿಸಿದಳು, ಅವು ಉಳಿದವು. ನೆಲೆಯಿಲ್ಲದ ಹೆಂಗಸರ ಪಾಲಿಗೆ ಅದನ್ನು ಒದಗಿಸುವ ಸಾಧನ ಆಕೆಯ ಕಾಲದಲ್ಲಿ ಆಕೆಯಂತಹವಳ ಕೈಗೆ ಸುಲಭವಾಗಿ ಎಟುಕುವಂತಿರಲಿಲ್ಲ. ಆಕೆಯ ಸೋಲನ್ನು ಆಕೆಯ ಮನಸ್ಸಿನ ಕೊರತೆಯೆಂದು ತಿಳಿಯಬಾರದು. ಆ ಸಾಧನಗಳೆಲ್ಲ ಕೈಯಲ್ಲಿರುವ ಇಂದಿನವರು ಉತ್ತರಿಸಬೇಕಾದ ಪ್ರಶ್ನೆಯೊಂದನ್ನು ಆಕೆ ಬಿಟ್ಟುಹೋಗಿದ್ದಾಳೆ. ಅವಳ ಅಜ್ಜಿಯಂತೆ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬಿದ್ದ ಹೆಣ್ಣಿಗೆ ಇಂದು ಯಾರ ಹೆಸರಿನ ಬಾಗಿಲು ತೆರೆದಿದೆ ಎಂಬುದೇ ಆ ಪ್ರಶ್ನೆ.